ಗಣಕಯಂತ್ರದ ಪುನಃಸ್ಥಾಪನೆಯಲ್ಲಿ ‘ಡ್ರೈವರ್ ಇಲ್ಲ’ವೆಂಬ ಸೂಚನೆ: ಒಂದು ವಿವೇಚನೆ

1. ಪೀಠಿಕೆ

ಇತಿಹಾಸ ಸಂಶೋಧನೆಗೆ ಮೀಸಲಾದ ಈ ಸಂಚಿಕೆಯಲ್ಲಿ ಗಣಕಯಂತ್ರದ ದುರಸ್ತಿಯನ್ನು ಕುರಿತ ಲೇಖನವೊಂದನ್ನು ಕಂಡು ವಾಚಕರು ಆಶ್ಚರ್ಯಪಡಬಹುದು. ಆದರೆ ಇಂದು ನಮ್ಮ ಆಕರಸಾಮಗ್ರಿಯ ಬಹುಭಾಗವು ಕಾಗದದ ಮೇಲಲ್ಲ, ಗಣಕಯಂತ್ರದ ಡಿಸ್ಕಿನಲ್ಲಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ವಿದ್ಯಾರ್ಥಿಗಳು ಊರೂರು ತಿರುಗಿ ತೆಗೆದ ವೀರಗಲ್ಲು, ಮಾಸ್ತಿಕಲ್ಲುಗಳ ಛಾಯಾಚಿತ್ರಗಳು, ಶಾಸನಗಳ ಪಾಠಗಳು, ಮನೆತನದವರು ನೋಡಲು ಕೊಟ್ಟು ಮತ್ತೆ ಒಳಗಿಟ್ಟುಕೊಂಡ ಕಡತಗಳ ಪ್ರತಿಗಳು, ಇವೆಲ್ಲವೂ ಅಲ್ಲಿಯೇ ಇವೆ. ಇವುಗಳಲ್ಲಿ ಕೆಲವಕ್ಕೆ ಮೂಲವೇ ಈಗ ಉಳಿದಿಲ್ಲ. ಕಲ್ಲು ನಿಂತಿದ್ದ ಜಾಗದಲ್ಲಿ ಮನೆಯ ತಳಪಾಯ ಬಂದಿದೆ. ಹೀಗಿರುವಲ್ಲಿ ಯಂತ್ರದ ಒಂದು ಸೂಚನೆಯನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಆಗುವ ನಷ್ಟವು ಶಾಸನದ ಕಲ್ಲು ಒಡೆದುಹೋದ ನಷ್ಟಕ್ಕಿಂತ ಕಡಮೆಯೇನಲ್ಲ.

ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಯು, ಎಂದರೆ ವಿಂಡೋಸ್ ಮೊದಲಾದ ಆಪರೇಟಿಂಗ್ ಸಿಸ್ಟಮ್, ಕೆಟ್ಟುಹೋದಾಗ ಅದನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ. ಆ ಸಂದರ್ಭದಲ್ಲಿ ಪದೇಪದೇ ಎದುರಾಗುವ ತೊಡಕು ‘ಬೇಕಾದ ಡ್ರೈವರ್ ಇಲ್ಲ’ ಎಂಬ ಸೂಚನೆ. ಇದರ ನಿಜವಾದ ಅರ್ಥವೇನು, ಇದನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಾವು ಯಂತ್ರಶಾಸ್ತ್ರಜ್ಞರಲ್ಲ. ಆದರೆ ಸಾಕ್ಷ್ಯವನ್ನು ತೂಗಿನೋಡುವುದು ನಮ್ಮ ಶಾಸ್ತ್ರದ ಮೊದಲ ಪಾಠವಾಗಿರುವುದರಿಂದ ಈ ವಿಷಯವು ನಮಗೆ ಸಂಪೂರ್ಣವಾಗಿ ಹೊರಗಿನದೂ ಅಲ್ಲ.

2. ಡ್ರೈವರ್ ಎಂದರೇನು

ಗಣಕಯಂತ್ರದಲ್ಲಿ ಡಿಸ್ಕು, ಪರದೆ, ಕೀಲಿಮಣೆ, ಜಾಲದ ಸಂಪರ್ಕ ಮೊದಲಾದ ಅಂಗಗಳು ಬೇರೆಬೇರೆ ತಯಾರಕರಿಂದ ಬಂದಿರುತ್ತವೆ. ಪ್ರತಿಯೊಂದು ಅಂಗಕ್ಕೂ ತನ್ನದೇ ಆದ ಭಾಷೆಯುಂಟು. ಮೂಲ ವ್ಯವಸ್ಥೆಗೂ ಆ ಅಂಗಕ್ಕೂ ನಡುವೆ ನಿಂತು ಒಂದರ ಮಾತನ್ನು ಮತ್ತೊಂದಕ್ಕೆ ತಿಳಿಸುವ ಚಿಕ್ಕ ತಂತ್ರಾಂಶವೇ ಡ್ರೈವರ್. ಕಂಪನಿಯ ಕಾಲದ ದರಬಾರುಗಳಲ್ಲಿದ್ದ ದುಭಾಷಿಗೆ ಇದನ್ನು ಹೋಲಿಸಬಹುದು. ದುಭಾಷಿಯು ಬಾರದಿದ್ದರೆ ಎದುರಿಗೆ ಕುಳಿತ ರಾಯಭಾರಿಯು ಮೂಗನಂತೆ ತೋರುತ್ತಾನೆಯೇ ಹೊರತು ನಿಜವಾಗಿ ಮೂಗನಲ್ಲ.

ಅಂಗಗಳನ್ನು ವ್ಯವಸ್ಥೆಯು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಇದಕ್ಕೆ ನಮ್ಮ ಸೀಮೆಯ ನಿದರ್ಶನವನ್ನೇ ಕೊಡಬಹುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ಒಂಬತ್ತನೆಯ ಸಂಪುಟದಲ್ಲಿ ಈಗಿನ ರಾಮನಗರವು ಕ್ಲೋಸ್‌ಪೇಟೆಯೆಂದೂ ಕನಕಪುರವು ಕಾನಕಾನಹಳ್ಳಿಯೆಂದೂ ಇವೆ. ಆಗ ಇವು ಬೆಂಗಳೂರು ಜಿಲ್ಲೆಗೆ ಸೇರಿದ್ದವು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ರಾಜ್ಯ ಸಚಿವಸಂಪುಟವು ತೀರ್ಮಾನಿಸಿತು. ಹೆಸರುಗಳು ಇಷ್ಟು ಬದಲಾದರೂ ರೈಸ್ ಅವರು ತಾಲ್ಲೂಕುವಾರಾಗಿ ಕೊಟ್ಟ ಸಂಖ್ಯೆಯನ್ನು ಹಿಡಿದು ಹೊರಟರೆ ಶಾಸನವು ಇಂದಿಗೂ ಸಿಕ್ಕುತ್ತದೆ. ಅದೇ ರೀತಿ ಗಣಕಯಂತ್ರದ ಬಹುತೇಕ ಅಂಗಗಳಲ್ಲಿ ತಯಾರಕನ ಸಂಖ್ಯೆಯೊಂದು, ಅಂಗದ ಸಂಖ್ಯೆಯೊಂದು ಅಡಕವಾಗಿರುತ್ತವೆ. ಇಂಟೆಲ್ ಸಂಸ್ಥೆಯ ಸಂಖ್ಯೆ 8086, ರಿಯಲ್‌ಟೆಕ್ ಸಂಸ್ಥೆಯದು 10ಇಸಿ. ಪೆಟ್ಟಿಗೆಯ ಮೇಲಿನ ಹೆಸರು ಯಾವುದೇ ಇರಲಿ, ಈ ಜೋಡಿ ಸಂಖ್ಯೆಗೆ ಹೊಂದುವ ಡ್ರೈವರ್ ದೊರೆತರೆ ಮಾತ್ರ ಅಂಗವು ಕೆಲಸಮಾಡುತ್ತದೆ.

3. ಸೂಚನೆಯು ಹುಟ್ಟುವ ಘಟ್ಟ

ಈ ಸೂಚನೆಯಲ್ಲಿ ಮೊದಲ ನೋಟಕ್ಕೆ ಒಂದು ವಿರೋಧಾಭಾಸವಿದೆ. ಪೆನ್‌ಡ್ರೈವ್‌ನಿಂದ ಸ್ಥಾಪನೆಯನ್ನು ಆರಂಭಿಸಿರುತ್ತೇವೆ. ಅದೇ ಪೆನ್‌ಡ್ರೈವ್‌ನಿಂದ ಬಂದ ಪರದೆಯು ನಮ್ಮೆದುರಿಗೆ ಇರುತ್ತದೆ. ಆದರೂ ‘ಮಾಧ್ಯಮದ ಡ್ರೈವರ್ ಇಲ್ಲ’ ಎಂದು ಅದು ಹೇಳುತ್ತದೆ. ಓದಿದವನೇ ಓದಲಾರೆನೆನ್ನುವುದು ಹೇಗೆ?

ಉತ್ತರವು ಸ್ಥಾಪನೆಯ ಎರಡು ಘಟ್ಟಗಳಲ್ಲಿದೆ. ಮೊದಲನೆಯ ಘಟ್ಟದಲ್ಲಿ ಪೆನ್‌ಡ್ರೈವನ್ನು ಓದುವುದು ಯಂತ್ರದ ಮೂಲ ಫಲಕದಲ್ಲಿಯೇ ನೆಲೆಸಿರುವ ತಂತ್ರಾಂಶ. ಇದಕ್ಕೆ ಹಳೆಯ ಯಂತ್ರಗಳಲ್ಲಿ ಬಯಾಸ್ ಎಂದೂ ಹೊಸವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಇದು ತನ್ನದೇ ಸಾಮರ್ಥ್ಯದಿಂದ ಚಿಕ್ಕದೊಂದು ವಿಂಡೋಸನ್ನು ಯಂತ್ರದ ಸ್ಮೃತಿಗೆ ಏರಿಸುತ್ತದೆ. ಎರಡನೆಯ ಘಟ್ಟದಲ್ಲಿ ಆ ಚಿಕ್ಕ ವಿಂಡೋಸು ಅಧಿಕಾರವನ್ನು ವಹಿಸಿಕೊಂಡು ಎಲ್ಲ ಅಂಗಗಳೊಡನೆ ತನ್ನ ಸ್ವಂತ ಡ್ರೈವರುಗಳ ಮೂಲಕವೇ ವ್ಯವಹರಿಸಲು ತೊಡಗುತ್ತದೆ. ಅದರ ಭಂಡಾರದಲ್ಲಿ ಬೇಕಾದ ಡ್ರೈವರ್ ಇಲ್ಲದಿದ್ದರೆ, ಈವರೆಗೆ ಓದುತ್ತಿದ್ದ ಪೆನ್‌ಡ್ರೈವೂ ಅದಕ್ಕೆ ಕಾಣದು. ರಾಜ್ಯವು ಕೈಬದಲಾಯಿಸಿದಾಗ ಹಳೆಯ ದಫ್ತರದ ಲಿಪಿಯನ್ನು ಬಲ್ಲ ಗುಮಾಸ್ತರು ಇಲ್ಲದೆ ಹೋದಂತೆ ಇದು.

ಆದುದರಿಂದ ಈ ಸೂಚನೆಯು ‘ವಸ್ತು ಇಲ್ಲ’ ಎಂದು ಹೇಳುತ್ತಿಲ್ಲ. ‘ನನಗೆ ಓದಲಾಗುತ್ತಿಲ್ಲ’ ಎಂದಷ್ಟೇ ಹೇಳುತ್ತಿದೆ. 1905ರ ಸಂಪುಟದಲ್ಲಿ ಒಂದು ಹಳ್ಳಿಯ ಶಾಸನವು ಕಾಣದಿದ್ದರೆ ಆ ಹಳ್ಳಿಯಲ್ಲಿ ಶಾಸನವೇ ಇಲ್ಲವೆಂದು ನಾವು ತೀರ್ಮಾನಿಸುವುದಿಲ್ಲವಷ್ಟೆ. ಅದೇ ಎಚ್ಚರವು ಇಲ್ಲಿಯೂ ಅಗತ್ಯ.

4. ನಮ್ಮ ವಿಭಾಗದ ಒಂದು ಪ್ರಸಂಗ

ಈ ಎಚ್ಚರವಿಲ್ಲದೆ ನಾವು ಒಮ್ಮೆ ದೊಡ್ಡ ನಷ್ಟದ ಅಂಚಿಗೆ ಹೋಗಿದ್ದೆವು. ಮೂರು ವರ್ಷಗಳ ಕ್ಷೇತ್ರಕಾರ್ಯದ ಚಿತ್ರಗಳಿದ್ದ ಲ್ಯಾಪ್‌ಟಾಪೊಂದು ಎದ್ದುನಿಲ್ಲದಾಯಿತು. ಅದರಲ್ಲಿ ಅರ್ಧದಷ್ಟಕ್ಕೆ ಮಾತ್ರ ಬೇರೆ ಪ್ರತಿಯಿತ್ತು. ಮಾಗಡಿ ಮತ್ತು ಕನಕಪುರದ ಕಡೆಯ ಸುತ್ತಾಟದ ಚಿತ್ರಗಳಿಗೆ ಇರಲಿಲ್ಲ. ವಿಂಡೋಸನ್ನು ಮತ್ತೆ ಸ್ಥಾಪಿಸಲು ಹೊರಟಾಗ ಡಿಸ್ಕುಗಳ ಪಟ್ಟಿಯು ಬರಿದಾಗಿದ್ದು, ಯಾವ ಡ್ರೈವೂ ಸಿಕ್ಕಲಿಲ್ಲವೆಂಬ ಸೂಚನೆಯು ಬಂದಿತು. ದುರಸ್ತಿಗಾರರೊಬ್ಬರು ಡಿಸ್ಕು ಸತ್ತಿದೆಯೆಂದೂ ಹೊಸದನ್ನು ಹಾಕಿಸಬೇಕೆಂದೂ ಹೇಳಿದರು. ನಾವೂ ಒಪ್ಪಿ ಹಣವನ್ನು ಹೊಂದಿಸುತ್ತಿದ್ದೆವು.

ಅಷ್ಟರಲ್ಲಿ ವಿಜ್ಞಾನ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರವನ್ನು ಹಚ್ಚಿದೊಡನೆಯೇ ಯುಇಎಫ್‌ಐ ಪುಟವನ್ನು ತೆರೆದು ನೋಡಿದನು. ಅಲ್ಲಿ ಡಿಸ್ಕಿನ ತಯಾರಕನ ಹೆಸರೂ ಅಳತೆಯೂ ಸ್ಪಷ್ಟವಾಗಿದ್ದವು. ಒಬ್ಬ ಸಾಕ್ಷಿಯು ಇಲ್ಲವೆನ್ನುತ್ತಾನೆ, ಇನ್ನೊಬ್ಬನು ಇದೆಯೆನ್ನುತ್ತಾನೆ. ಇಲ್ಲವೆಂದವನ ಕಣ್ಣನ್ನೇ ಪರೀಕ್ಷಿಸಬೇಕಾದ ಸಂದರ್ಭವಿದು. ಡಿಸ್ಕು ಆರೋಗ್ಯವಾಗಿತ್ತು. ಅದನ್ನು ಓದಿಸುವ ಡ್ರೈವರ್ ಮಾತ್ರ ಸ್ಥಾಪನಾ ಮಾಧ್ಯಮದಲ್ಲಿರಲಿಲ್ಲ.

ಕಾರಣ ಹೀಗಿದೆ. 2020ರಲ್ಲಿ ಬಂದ ಇಂಟೆಲ್ ಸಂಸ್ಥೆಯ ಹನ್ನೊಂದನೆಯ ಪೀಳಿಗೆಯ ಲ್ಯಾಪ್‌ಟಾಪ್ ಸಂಸ್ಕಾರಕಗಳಿಂದ ಮೊದಲ್ಗೊಂಡು ಅನೇಕ ಯಂತ್ರಗಳಲ್ಲಿ ಡಿಸ್ಕು ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ವಿಎಂಡಿ, ಎಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್, ಎಂಬ ಮಧ್ಯವರ್ತಿಯ ಹಿಂದೆ ನಿಲ್ಲುತ್ತದೆ. ಆ ಮಧ್ಯವರ್ತಿಯ ಡ್ರೈವರು ಸ್ಥಾಪನಾ ಮಾಧ್ಯಮದಲ್ಲಿ ಇಲ್ಲದಿದ್ದರೆ ಡಿಸ್ಕುಗಳ ಪಟ್ಟಿಯು ಬರಿದಾಗಿಯೇ ಇರುತ್ತದೆ.

5. ಪರೀಕ್ಷೆಯ ಕ್ರಮ

ಮೇಲಿನ ಅನುಭವದಿಂದ ನಾವು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಸುಲಭವೂ ನಿರಪಾಯವೂ ಆದ ಪರೀಕ್ಷೆಯನ್ನು ಮೊದಲು ಮಾಡಿ, ಅಪಾಯಕರವಾದುದನ್ನು ಕೊನೆಗೆ ಇಟ್ಟುಕೊಳ್ಳುವುದು ಇದರ ತತ್ತ್ವ.

(ಅ) ಸಾಮಗ್ರಿಯ ರಕ್ಷಣೆ. ಮೊದಲು ಡಿಸ್ಕಿನಲ್ಲಿರುವುದನ್ನು ಹೊರತೆಗೆಯಲು ಯತ್ನಿಸತಕ್ಕದ್ದು. ಸ್ಥಾಪಿಸದೆಯೇ ಪೆನ್‌ಡ್ರೈವ್‌ನಿಂದ ನಡೆಯಬಲ್ಲ ಲಿನಕ್ಸ್ ಇದಕ್ಕೆ ಉತ್ತಮ ಸಾಧನ. ಇತ್ತೀಚಿನ ಲಿನಕ್ಸಿನ ತಿರುಳಿನಲ್ಲಿ ವಿಎಂಡಿ ಡ್ರೈವರೂ ಸೇರಿ ಬಹುತೇಕ ಡ್ರೈವರುಗಳು ಅಡಕವಾಗಿರುವುದರಿಂದ ವಿಂಡೋಸ್ ಸ್ಥಾಪಕಕ್ಕೆ ಕಾಣದ ಡಿಸ್ಕು ಅದಕ್ಕೆ ಕಾಣುವುದುಂಟು. ನಮ್ಮ ಚಿತ್ರಗಳೆಲ್ಲವೂ ಹೀಗೆಯೇ ಹೊರಬಂದವು. ಆದರೆ ಡಿಸ್ಕು ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷಣೆಯಲ್ಲಿದ್ದರೆ 48 ಅಂಕಿಗಳ ಕೀಲಿಸಂಖ್ಯೆಯು ಬೇಕಾಗುತ್ತದೆ. ಅದನ್ನು ಬರೆದಿಟ್ಟುಕೊಳ್ಳದವರು ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಬೇಕು.

(ಆ) ಮಾಧ್ಯಮದ ಪ್ರಾಮಾಣ್ಯ. ಡ್ರೈವರಿನ ದೂರಿಗೆ ಕೆಲವೊಮ್ಮೆ ಡ್ರೈವರ್ ಕಾರಣವೇ ಅಲ್ಲ. ಜಾಲದಿಂದ ಇಳಿಸಿಕೊಂಡ ಸ್ಥಾಪನಾ ಕಡತವು ನಡುವೆ ಸಂಪರ್ಕ ಕಡಿದು ಅಪೂರ್ಣವಾಗಿದ್ದರೂ, ಡಿವಿಡಿ ಸರಿಯಾಗಿ ಮುದ್ರಿತವಾಗದಿದ್ದರೂ ಸ್ಥಾಪಕವು ಅದೇ ಸೂಚನೆಯನ್ನು ಕೊಡುತ್ತದೆ. ಇಳಿಸಿಕೊಂಡ ಕಡತದ ಎಸ್‌ಎಚ್‌ಎ-256 ಮುದ್ರೆಯನ್ನು ಪ್ರಕಾಶಕರು ಕೊಟ್ಟ ಮುದ್ರೆಯೊಡನೆ ಹೋಲಿಸಿದರೆ ಪ್ರತಿಯು ಶುದ್ಧವೋ ಅಲ್ಲವೋ ತಿಳಿಯುತ್ತದೆ. ಇದು ಪಾಠಾಂತರವನ್ನು ಮೂಲಪ್ರತಿಯೊಡನೆ ತಾಳೆನೋಡುವಂತಹುದೇ ಕೆಲಸ. ಕಡತಗಳನ್ನು ಕೈಯಿಂದಲೇ ಪೆನ್‌ಡ್ರೈವಿಗೆ ಹಾಕುವವರು ಇನ್ನೊಂದು ಅಂಶವನ್ನು ಗಮನಿಸಬೇಕು: ಫ್ಯಾಟ್32 ವಿನ್ಯಾಸದಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಕಡತವು ಹಿಡಿಸುವುದಿಲ್ಲ, ವಿಂಡೋಸಿನ ಮುಖ್ಯ ಕಡತವು ಅನೇಕವೇಳೆ ಅದನ್ನು ಮೀರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಸ್ವಂತ ಸಾಧನದಿಂದ ಮಾಧ್ಯಮವನ್ನು ಮಾಡಿಕೊಂಡರೆ ಈ ತೊಡಕು ಬಾರದು.

(ಇ) ಕಿಂಡಿಯ ಬದಲಾವಣೆ. ಪೆನ್‌ಡ್ರೈವನ್ನು ಬೇರೊಂದು ಯುಎಸ್‌ಬಿ ಕಿಂಡಿಗೆ ಹಾಕಿ ನೋಡುವುದು ಅತ್ಯಂತ ಸುಲಭವಾದ ಉಪಾಯ. ಸೂಚನೆಯು ಬಂದಾಗ ಅದನ್ನು ರದ್ದುಮಾಡಿ ಸ್ಥಾಪನೆಯ ಮೊದಲ ಪುಟಕ್ಕೆ ಮರಳಿ, ಪೆನ್‌ಡ್ರೈವನ್ನು ಕಿತ್ತು ಇನ್ನೊಂದು ಕಿಂಡಿಗೆ ಸೇರಿಸಿ ಮತ್ತೆ ಆರಂಭಿಸಿದರೆ ಎಷ್ಟೋ ಸಲ ಕೆಲಸವು ಮುಂದುವರಿಯುತ್ತದೆ. ಹಳೆಯ ವಿಂಡೋಸ್ 7ರಲ್ಲಿ ಇದು ವಿಶೇಷವಾಗಿ ನಿಜ. 2009ರಲ್ಲಿ ಹೊರಬಂದ ಆ ಆವೃತ್ತಿಯಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ. 2012ರ ವಿಂಡೋಸ್ 8ರಿಂದ ಮುಂದಕ್ಕೆ ಮಾತ್ರ ಅದು ಒಳಗೇ ಬಂದಿತು. ಸಾಮಾನ್ಯವಾಗಿ ನೀಲಿಬಣ್ಣದ ಕಿಂಡಿಗಳು ಯುಎಸ್‌ಬಿ 3ರವು, ಕಪ್ಪುಬಣ್ಣದವು ಯುಎಸ್‌ಬಿ 2ರವು.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಂಸ್ಥೆಯ ಸಾಮಾನ್ಯ ಬೆಂಬಲವು ಮುಗಿಯಿತು. ಆದರೂ ಹಳೆಯ ಸ್ಕ್ಯಾನರೊಂದರ ಡ್ರೈವರು ಹಳೆಯ ವ್ಯವಸ್ಥೆಗೆ ಮಾತ್ರ ದೊರೆಯುವುದರಿಂದ ಅದನ್ನೇ ಉಳಿಸಿಕೊಳ್ಳಬೇಕಾದ ಪ್ರಸಂಗವು ಗ್ರಂಥಾಲಯಗಳಲ್ಲಿ ಒದಗುತ್ತದೆ. ಅಂತಹ ಯಂತ್ರವನ್ನು ಜಾಲಕ್ಕೆ ಸೇರಿಸದೆ ಬೇರೆಯಾಗಿ ಇಡುವುದು ಕ್ಷೇಮ.

(ಈ) ಸಾಕ್ಷಿಗಳ ತುಲನೆ. ಡಿಸ್ಕು ಕಾಣದಿದ್ದಾಗ ಯುಇಎಫ್‌ಐ ಪುಟವನ್ನು ನೋಡಬೇಕು. ಅಲ್ಲಿಯೂ ಕಾಣದಿದ್ದರೆ ತಂತಿಯ ಜೋಡಣೆಯಲ್ಲಿ ಅಥವಾ ಡಿಸ್ಕಿನಲ್ಲಿಯೇ ದೋಷವಿರಬಹುದು. ಅಲ್ಲಿ ಕಂಡು ಸ್ಥಾಪಕದಲ್ಲಿ ಮಾತ್ರ ಕಾಣದಿದ್ದರೆ ಡ್ರೈವರಿನ ಕೊರತೆಯೆಂದು ಬಹುಮಟ್ಟಿಗೆ ಹೇಳಬಹುದು. ಸ್ಥಾಪಕದ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಜ್ಞೆಗಳ ಕಿಟಕಿಯು ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಎಂಬುದನ್ನು ನಡೆಸಿ ‘ಲಿಸ್ಟ್ ಡಿಸ್ಕ್’ ಎಂಬ ಆಜ್ಞೆಯನ್ನು ಕೊಟ್ಟರೆ ಸ್ಥಾಪಕಕ್ಕೆ ಕಾಣುವ ಡಿಸ್ಕುಗಳ ಪಟ್ಟಿಯು ಬರುತ್ತದೆ. ಈ ಆಜ್ಞೆಯು ನಿರಪಾಯವಾದುದು. ಆದರೆ ಅದೇ ಸಾಧನದ ‘ಕ್ಲೀನ್’ ಎಂಬ ಆಜ್ಞೆಯು ಆಯ್ದ ಡಿಸ್ಕಿನ ವಿಭಾಗಗಳನ್ನೆಲ್ಲ ಅಳಿಸಿಹಾಕುತ್ತದೆ. ಯಾರೋ ಹೇಳಿದರೆಂದು ಅದನ್ನು ಬಳಸಕೂಡದು.

(ಉ) ಡ್ರೈವರನ್ನು ಒದಗಿಸುವುದು. ಕೊರತೆಯು ಖಚಿತವಾದ ಮೇಲೆ ಇನ್ನೊಂದು ಯಂತ್ರದ ಮೂಲಕ ತಯಾರಕರ ತಾಣದಲ್ಲಿ ತಮ್ಮ ಯಂತ್ರದ ಮಾದರಿಗೆ ಕೊಟ್ಟಿರುವ ಡಿಸ್ಕ್ ಡ್ರೈವರನ್ನು ಇಳಿಸಿಕೊಳ್ಳಬೇಕು. ಇಂಟೆಲ್ ಯಂತ್ರಗಳಲ್ಲಿ ಇದು ರ್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಎಂಬ ಹೆಸರಿನಲ್ಲಿರುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ. ಇಳಿಸಿಕೊಂಡದ್ದು ತಾನಾಗಿ ನಡೆಯುವ ಗಂಟು. ಸ್ಥಾಪಕಕ್ಕೆ ಬೇಕಾದದ್ದು ಆ ಗಂಟಿನೊಳಗಿನ ಐಎನ್‌ಎಫ್, ಎಸ್‌ವೈಎಸ್, ಕ್ಯಾಟ್ ಎಂಬ ಬಾಲಗಳುಳ್ಳ ಬಿಡಿ ಕಡತಗಳು. ಗಂಟನ್ನು ಬಿಚ್ಚಿ ಈ ಕಡತಗಳಿರುವ ಕೋಶವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಸ್ಥಾಪಕದ ‘ಲೋಡ್ ಡ್ರೈವರ್’ ಗುಂಡಿಯಿಂದ ಆ ಕೋಶವನ್ನು ತೋರಿಸಬೇಕು. ವ್ಯವಸ್ಥೆಯು 64 ಬಿಟ್ಟಿನದಾದರೆ ಡ್ರೈವರೂ 64 ಬಿಟ್ಟಿನದೇ ಆಗಿರತಕ್ಕದ್ದು. ಹೊಂದುವ ಡ್ರೈವರನ್ನು ಆರಿಸಿದ ಕೆಲವು ಕ್ಷಣಗಳಲ್ಲಿ ಬರಿದಾಗಿದ್ದ ಪಟ್ಟಿಯಲ್ಲಿ ಡಿಸ್ಕು ಮೂಡುತ್ತದೆ.

(ಊ) ಕೊನೆಯ ಉಪಾಯ. ಯುಇಎಫ್‌ಐ ಪುಟದಲ್ಲಿ ವಿಎಂಡಿಯನ್ನೇ ನಿಲ್ಲಿಸಿದರೆ ಡ್ರೈವರಿಲ್ಲದೆಯೂ ಡಿಸ್ಕು ಕಾಣುತ್ತದೆಂಬುದು ನಿಜ. ಆದರೆ ವಿಎಂಡಿ ಇದ್ದಾಗ ಸ್ಥಾಪಿತವಾದ ಹಳೆಯ ವಿಂಡೋಸು ಆಮೇಲೆ ಏಳದೆ ಹೋಗಬಹುದು. ಬಿಟ್‌ಲಾಕರ್ ಇದ್ದರೆ ಕೀಲಿಸಂಖ್ಯೆಯನ್ನು ಕೇಳಬಹುದು. ಎರಡು ಡಿಸ್ಕುಗಳನ್ನು ಒಂದಾಗಿ ಕಟ್ಟಿರುವ ಯಂತ್ರದಲ್ಲಿ ಇದನ್ನು ಮಾಡಲೇಬಾರದು. ಹಳೆಯ ಸ್ಥಿತಿಯನ್ನು ಬರೆದಿಟ್ಟುಕೊಂಡು, ಸಾಮಗ್ರಿಯನ್ನು ಹೊರತೆಗೆದ ಮೇಲೆ ಮಾತ್ರ ಈ ಮಾರ್ಗವನ್ನು ಹಿಡಿಯಬೇಕು.

6. ಸ್ಥಾಪನೆಯ ಅನಂತರ

ಸ್ಥಾಪನೆಯು ಮುಗಿದರೂ ಡ್ರೈವರಿನ ಸಮಸ್ಯೆಯು ಮುಗಿಯದಿರಬಹುದು. ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯಲ್ಲಿ ಹಳದಿ ತ್ರಿಕೋನದ ಗುರುತುಳ್ಳ ಅಂಗಗಳು ಕಾಣಬಹುದು. ಅದರ ವಿವರದಲ್ಲಿ 28ನೆಯ ಸಂಕೇತವಿದ್ದರೆ ಆ ಅಂಗಕ್ಕೆ ಡ್ರೈವರು ಸ್ಥಾಪಿತವಾಗಿಲ್ಲವೆಂದು ಅರ್ಥ. ‘ಹಾರ್ಡ್‌ವೇರ್ ಐಡಿ’ ಎಂಬಲ್ಲಿ ಹಿಂದೆ ಹೇಳಿದ ಜೋಡಿ ಸಂಖ್ಯೆಯು ಸಿಕ್ಕುತ್ತದೆ. ಆ ಸಂಖ್ಯೆಯಿಂದ ಅಂಗದ ತಯಾರಕನಾರೆಂದು ತಿಳಿದು, ಯಂತ್ರದ ಅಥವಾ ಅಂಗದ ತಯಾರಕರ ತಾಣದಿಂದಲೇ ಡ್ರೈವರನ್ನು ಪಡೆಯಬೇಕು. ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಕೊಡುವೆವೆಂದು ಸಾರುವ ಅಪರಿಚಿತ ತಾಣಗಳನ್ನು ನಂಬುವುದು ಕೂಟಶಾಸನವನ್ನು ನಂಬಿದಂತೆ.

ಜಾಲದ ಡ್ರೈವರೇ ಇಲ್ಲವಾದರೆ ಉಳಿದವನ್ನು ತರುವ ದಾರಿಯೂ ಮುಚ್ಚುತ್ತದೆ. ವಿಂಡೋಸ್ 11 ಸ್ಥಾಪನೆಯ ನಡುವೆಯೇ ಜಾಲಸಂಪರ್ಕವನ್ನು ಕೇಳುವುದರಿಂದ ಈ ತೊಡಕು ಹೆಚ್ಚಿದೆ. ಆಗ ಆಂಡ್ರಾಯ್ಡ್ ಫೋನನ್ನು ತಂತಿಯ ಮೂಲಕ ಯಂತ್ರಕ್ಕೆ ಸೇರಿಸಿ ಅದರ ಜಾಲವನ್ನು ಹಂಚಿಕೊಂಡರೆ ಸಾಮಾನ್ಯವಾಗಿ ಹೊಸ ಡ್ರೈವರಿಲ್ಲದೆಯೇ ಸಂಪರ್ಕವು ದೊರೆಯುತ್ತದೆ. ಯಂತ್ರವು ಚೆನ್ನಾಗಿರುವಾಗಲೇ ಪಿಎನ್‌ಪಿ-ಯುಟಿಲ್ ಎಂಬ ವಿಂಡೋಸಿನ ಆಜ್ಞೆಯಿಂದ ಎಲ್ಲ ಹೊರಗಿನ ಡ್ರೈವರುಗಳನ್ನೂ ಒಂದು ಕೋಶಕ್ಕೆ ರಫ್ತುಮಾಡಿ ಇಟ್ಟುಕೊಂಡಿದ್ದರೆ ಇದಾವುದರ ತೊಂದರೆಯೂ ಇರುವುದಿಲ್ಲ.

ಕನ್ನಡದಲ್ಲಿ ಕೆಲಸಮಾಡುವವರಿಗೆ ಮತ್ತೊಂದು ಭೀತಿಯು ಕಾದಿರುತ್ತದೆ. ಪುನಃಸ್ಥಾಪನೆಯ ಅನಂತರ ತಮ್ಮ ಹಳೆಯ ಲೇಖನವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯು ಕಾಣುತ್ತದೆ. ಕಡತವು ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಹಾಕಿದವರನ್ನು ನಾವು ಬಲ್ಲೆವು. ನಿಜವಾಗಿ ಕೆಟ್ಟಿರುವುದು ಏನೂ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಚಿಹ್ನೆಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಅಕ್ಷರಶೈಲಿಯು ಹೊಸ ವ್ಯವಸ್ಥೆಯಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ; ಅದನ್ನು ಮತ್ತೆ ಸ್ಥಾಪಿಸಿದೊಡನೆ ಬರೆಹವು ಮರಳಿ ಬರುತ್ತದೆ. ಇಲ್ಲಿಯೂ ಇಲ್ಲವಾದದ್ದು ಓದುವ ಸಾಧನವೇ ಹೊರತು ಪಠ್ಯವಲ್ಲ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿರುವ ಯೂನಿಕೋಡಿಗೆ ಹಳೆಯ ಬರೆಹಗಳನ್ನು ಪರಿವರ್ತಿಸಿಕೊಳ್ಳುವುದು ಇದಕ್ಕೆ ಶಾಶ್ವತ ಪರಿಹಾರ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಅಂಶಗಳು ಇವು. ಡ್ರೈವರ್ ಇಲ್ಲವೆಂಬ ಸೂಚನೆಯು ಸ್ಥಾಪಕದ ಓದುವ ಶಕ್ತಿಯನ್ನು ಕುರಿತ ಹೇಳಿಕೆ. ಡಿಸ್ಕಿನ ಅಥವಾ ಅದರಲ್ಲಿರುವ ಸಾಮಗ್ರಿಯ ಅಳಿವುಉಳಿವನ್ನು ಕುರಿತ ತೀರ್ಪಲ್ಲ. ಎರಡನೆಯ ಸಾಕ್ಷಿಯನ್ನು ಕೇಳದೆ ಡಿಸ್ಕನ್ನು ಎಸೆಯುವುದಾಗಲಿ ಅಳಿಸುವುದಾಗಲಿ ಸರಿಯಲ್ಲ. ಮಾಧ್ಯಮ, ಕಿಂಡಿ, ಡ್ರೈವರ್, ಆಮೇಲೆ ಯಂತ್ರದ ಮೂಲ ಹೊಂದಿಕೆ, ಇದೇ ಕ್ರಮದಲ್ಲಿ ಪರೀಕ್ಷೆಯು ನಡೆಯಬೇಕು.

ನಮ್ಮ ಲ್ಯಾಪ್‌ಟಾಪಿನ ಡಿಸ್ಕು ಇಂದಿಗೂ ಕೆಲಸಮಾಡುತ್ತಿದೆ. ಅದರಲ್ಲಿದ್ದ ಚಿತ್ರಗಳ ಎರಡು ಪ್ರತಿಗಳನ್ನು ಬೇರೆಬೇರೆ ಕಡೆ ಇಟ್ಟಿದ್ದೇವೆ. ಜೊತೆಗೆ ಯಂತ್ರದ ಮಾದರಿಯ ಹೆಸರನ್ನೂ ಬಿಟ್‌ಲಾಕರ್ ಸಂಖ್ಯೆಯನ್ನೂ ರಫ್ತುಮಾಡಿದ ಡ್ರೈವರುಗಳ ಪೆನ್‌ಡ್ರೈವನ್ನೂ ಒಂದು ಲಕೋಟೆಯಲ್ಲಿ ಹಾಕಿ ವಿಭಾಗದ ಬೀರುವಿನಲ್ಲಿ ಇಟ್ಟಿದ್ದೇವೆ. ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಇಂತಹ ಸಂಗ್ರಹವನ್ನು ಮಾಡುತ್ತಿರುವ ಅಧ್ಯಾಪಕರು ಇಂತಹುದೇ ಲಕೋಟೆಯೊಂದನ್ನು ಈ ವರ್ಷವೇ ಸಿದ್ಧಪಡಿಸಿಕೊಳ್ಳುವುದು ಒಳಿತೆಂದು ನಮ್ಮ ಅಭಿಪ್ರಾಯ.